ಮೊದಲ ರೈಫಲ್ ಭುಜಕ್ಕೆ ಒಗ್ಗಬೇಕು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಜಿಂಕೆ ಬೇಟೆಗೆಂದು ತಮ್ಮ ಮೊದಲ ರೈಫಲ್ ಕೊಂಡ ಅನುಭವವನ್ನು ಬರೆದಿದ್ದಾರೆ. ಬರವಣಿಗೆ ಸೊಗಸಾಗಿದೆ, ಹಿಮ ಬಿದ್ದ ಕಾಡಿನಲ್ಲಿ ನಸುಕು ಹರಿಯುವುದನ್ನು ಅವರು ವರ್ಣಿಸಿದ ರೀತಿಗೆ ಪುಣೆಯ ಈ ಸೆಖೆಯಲ್ಲೂ ನನಗೆ ಚಳಿ ಹಿಡಿಯಿತು. ಆದರೆ ಲೇಖನದ ಕೊನೆಯಲ್ಲಿ ಹೊಸಬರಿಗೆಂದು ಅವರು ಕೊಟ್ಟಿರುವ ಸಲಹೆ, ಅಂದರೆ ಹೇಗೂ ಕೊಳ್ಳುವುದಾದರೆ ಮೊದಲೇ ಬಲವಾದ .300 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್ ಕೊಂಡುಬಿಡಬೇಕು, ಆಗ ಎಂಥ ಜಿಂಕೆಗೂ ಸಾಲದು ಎಂಬ ಮಾತಿರುವುದಿಲ್ಲ ಎಂಬ ಸಲಹೆ, ಖಂಡಿತ ತಪ್ಪು. ಅದನ್ನು ಓದಿ ಯಾರಾದರೂ ಹಾಗೆಯೇ ಮಾಡಿದರೆ ಅದರ ಫಲ ಉಣ್ಣುವುದು ಬೇಟೆಗಾರನಿಗಿಂತ ಹೆಚ್ಚಾಗಿ ಆ ಪ್ರಾಣಿ.

ಇದನ್ನು ಹೇಳಲು ನನಗೇನು ಅಧಿಕಾರ ಎಂದು ಓದುಗರು ಕೇಳಬಹುದು. ನಾನು ಧಾರವಾಡ ಜಿಲ್ಲೆಯವನು. ಉದ್ಯೋಗಕ್ಕೆಂದು ಪುಣೆಗೆ ಬಂದು, ಇಲ್ಲಿನ ಮದ್ದುಗುಂಡು ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಬಹುಪಾಲನ್ನು ತೋಟಾಗಳ, ಅಂದರೆ ಮದ್ದು ತುಂಬಿ ಗುಂಡು ಕೂರಿಸಿದ ಹಿತ್ತಾಳೆ ಕೊಳವೆಗಳ, ಪರೀಕ್ಷೆಯಲ್ಲಿ ಕಳೆದು ನಿವೃತ್ತನಾದವನು. ತೋಟಾದ ಹಿತ್ತಾಳೆ ಕೊಳವೆಯ ಅಂಚು ಕೂದಲೆಳೆಯಷ್ಟು ದಪ್ಪವಾದರೆ ಏನಾಗುತ್ತದೆ, ಮದ್ದು ತುಸು ಹೆಚ್ಚಾದರೆ ಒತ್ತಡ ಎಲ್ಲಿಗೆ ಏರುತ್ತದೆ ಎಂಬುದೇ ನನ್ನ ದಿನನಿತ್ಯದ ಕೆಲಸವಾಗಿತ್ತು. ನಾನು ಬೇಟೆಗಾರನಲ್ಲ, ಒಂದು ಮೊಲವನ್ನೂ ಹೊಡೆದವನಲ್ಲ. ಆದರೆ ಗುಂಡು ಹಾರಿದಾಗ ರೈಫಲ್ ಭುಜಕ್ಕೆ ಕೊಡುವ ಒದೆತವನ್ನು ಸಾವಿರಾರು ಸಲ ತಿಂದವನು, ಹಾಗೆ ತಿಂದವರನ್ನು ಹತ್ತಿರದಿಂದ ಕಂಡವನು.

ಈ ವಿಷಯ ನಮ್ಮ ಮನೆಗೇ ಬಂದದ್ದೂ ಈ ಪತ್ರಕ್ಕೆ ಕಾರಣ. ದಾಪೋಡಿಯಲ್ಲಿರುವ ನನ್ನ ಅಕ್ಕ ಭಾನುವಾರ ಸಂಜೆಯೇ ಆ ಪುಟದ ಫೋಟೊ ತೆಗೆದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಮಗನಿಗೆ ವಾಟ್ಸ್‌ಆ್ಯಪ್ ಮಾಡಿದಳು. ಮರುದಿನ ಬೆಳಿಗ್ಗೆ ಅವನಿಂದ ನನಗೆ ಫೋನು: "ಮಾಮಾ, ನೀವು ನನಗೆ ಹೇಳಿದ್ದಕ್ಕೂ ಇವರು ಬರೆದದ್ದಕ್ಕೂ ತಾಳಮೇಳವೇ ಇಲ್ಲವಲ್ಲ." ಖಡಕಿ, ದಾಪೋಡಿ, ಔಂಧ್ ಕಡೆಯ ಎಷ್ಟೋ ಕನ್ನಡ ಮನೆಗಳ ಮಕ್ಕಳು ಆ ದೇಶದಲ್ಲಿದ್ದಾರೆ, ಅಲ್ಲಿಯ ನೆರೆಹೊರೆಯವರ ಜೊತೆ ನವೆಂಬರ್‌ನಲ್ಲಿ ಕಾಡಿಗೆ ಹೋಗುವುದು ಕೆಲವರಿಗಾದರೂ ರೂಢಿಯಾಗುತ್ತಿದೆ. ಆದ್ದರಿಂದ ಇದು ದೂರದ ಮಾತೆಂದು ಸುಮ್ಮನಿರಲಾಗಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ನಾನು ಇಲ್ಲಿ ಬರೆಯುವುದೆಲ್ಲ ಆ ದೇಶದ ಕಾನೂನಿನ ಚೌಕಟ್ಟಿಗೆ ಸೇರಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನ ಪ್ರಕಾರ ಜಿಂಕೆ ಬೇಟೆ ಅಪರಾಧ; ಬಂದೂಕಿಗೆ ಲೈಸೆನ್ಸ್ ಇದ್ದರೂ ಅಪರಾಧವೇ. ಈ ದೃಷ್ಟಿಯಿಂದ ನೋಡಿದರೆ, ಲೇಖನದ ಜೊತೆಗೆ ತಾವು ಅಚ್ಚಿಸಿದ ಚಿತ್ರ ನಮ್ಮ ಕಾಡಿನ ಚುಕ್ಕೆ ಜಿಂಕೆಯದಾಗಿದ್ದುದು ಸರಿಯಾಗಲಿಲ್ಲ. ಲೇಖಕರು ಬೇಟೆಯಾಡಿದ್ದು ಬಿಳಿಬಾಲದ ಜಿಂಕೆಯನ್ನು. ಓಡುವಾಗ ಬಾಲವನ್ನು ಬಾವುಟದಂತೆ ಎತ್ತಿ ಒಳಗಿನ ಬಿಳುಪನ್ನು ತೋರಿಸುವ, ಬೆಳೆದ ಮೇಲೆ ಮೈಯಲ್ಲಿ ಚುಕ್ಕೆಗಳಿಲ್ಲದ ಪ್ರಾಣಿ ಅದು. ತಮಾಷೆಯೆಂದರೆ, ನಮ್ಮ ಚುಕ್ಕೆ ಜಿಂಕೆಯೂ ಆ ದೇಶದಲ್ಲಿದೆ: 1932ರಲ್ಲಿ ಟೆಕ್ಸಾಸಿಗೆ ಒಯ್ದು ಬಿಟ್ಟದ್ದು ಅಲ್ಲಿ ಹೆಚ್ಚಿಕೊಂಡು, ಈಗ ಹೊರಗಿನ ಪ್ರಾಣಿಯೆಂಬ ಲೆಕ್ಕದಲ್ಲಿ ವರ್ಷವಿಡೀ ಬೇಟೆಗೆ ಗುರಿಯಾಗುತ್ತದೆ. ಆದರೆ ತಮ್ಮ ಲೇಖನ ಟೆಕ್ಸಾಸಿನದಲ್ಲ.

ಈಗ ಮುಖ್ಯ ವಿಷಯ. ಮೊದಲ ರೈಫಲ್ ಆರಿಸುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇದು ಜಿಂಕೆಯನ್ನು ಕೊಲ್ಲಲು ಸಾಕೇ ಎಂಬುದು. ಅಂಗಡಿಯಲ್ಲಿ ಜಿಂಕೆ ಬೇಟೆಗೆಂದು ಮಾರುವ ಯಾವ ತೋಟಾಕ್ಕಾದರೂ ಆ ಪ್ರಶ್ನೆಗೆ ಉತ್ತರ ಹೌದು ಎಂದೇ. ಅವನು ಕೇಳಬೇಕಾದದ್ದು ಬೇರೆ: ಈ ರೈಫಲ್ಲನ್ನು ಇಪ್ಪತ್ತು ಸಲ ಹಾರಿಸಿದ ಮೇಲೂ ಇಪ್ಪತ್ತೊಂದನೆಯ ಸಲ ನಾನು ಕಣ್ಣು ಮುಚ್ಚದೆ, ಭುಜ ಬಿಗಿಯದೆ, ನಮ್ಮ ಕಡೆ ಕುದುರೆ ಎನ್ನುವ ಟ್ರಿಗರನ್ನು ಮೆಲ್ಲಗೆ ಹಿಂಡಬಲ್ಲೆನೇ? ಒಬ್ಬ ಪ್ರಾಯದ ಬಿಳಿಬಾಲದ ಗಂಡು ಜಿಂಕೆ ಸಾಮಾನ್ಯವಾಗಿ 70ರಿಂದ 110 ಕಿಲೊ ತೂಗುತ್ತದೆ. ಅದರ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ, ಮುಂಗಾಲಿನ ಹಿಂದೆ, ಸುಮಾರು 20 ಸೆಂಟಿಮೀಟರ್ ಅಗಲ. ನಮ್ಮ ಮನೆಯ ತಿಂಡಿ ತಟ್ಟೆಯಷ್ಟು. ಇಂದು ಸಾಧಾರಣ ಬೆಲೆಗೆ ಸಿಗುವ ರೈಫಲ್ ಕೂಡ 100 ಗಜ ದೂರದಲ್ಲಿ ಮೂರು ಗುಂಡುಗಳನ್ನು ಮೂರು-ನಾಲ್ಕು ಸೆಂಟಿಮೀಟರ್ ಒಳಗೆ ಕೂರಿಸುತ್ತದೆ. ಅಂದರೆ ಆ ತಟ್ಟೆಯನ್ನು ತಪ್ಪುವುದು ರೈಫಲ್ ಅಲ್ಲ, ಹಿಡಿದವನು.

ಏಕೆ ತಪ್ಪುತ್ತಾನೆ? ಹೆಚ್ಚಿನ ಸಲ ಒದೆತದ ಭಯದಿಂದ. ಭುಜದಿಂದ ನಳಿಗೆಯ ತುದಿಯವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಎಂದಿಟ್ಟುಕೊಳ್ಳೋಣ. ಕುದುರೆ ಎಳೆಯುವ ಕ್ಷಣಕ್ಕೆ ಕೈ ಅಳುಕಿ ಆ ತುದಿ ಕೇವಲ ಎರಡು ಮಿಲಿಮೀಟರ್ ತಗ್ಗಿದರೂ 100 ಗಜದಲ್ಲಿ ಗುಂಡು ಸುಮಾರು 18 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಕಾಲಿಗೆ ತಾಗುತ್ತದೆ, ಪಕ್ಕಕ್ಕೆ ಸರಿದರೆ ಹೊಟ್ಟೆಗೆ ತಾಗುತ್ತದೆ. ಆಗ ಗುಂಡು ಎಷ್ಟು ದೊಡ್ಡದಿದ್ದರೂ ಅಷ್ಟೇ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆ ಓಡಿಹೋಗಿ ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ.

ಒದೆತದ ಲೆಕ್ಕ ಕಷ್ಟದ್ದೇನಲ್ಲ. ಗುಂಡು ಮತ್ತು ಉರಿದ ಮದ್ದು ಮುಂದಕ್ಕೆ ಒಯ್ಯುವ ಆವೇಗವನ್ನೇ ರೈಫಲ್ ಹಿಂದಕ್ಕೆ ತರುತ್ತದೆ. ರೈಫಲ್ ಹಗುರವಾದಷ್ಟೂ ಭುಜಕ್ಕೆ ಬರುವ ಶಕ್ತಿ ಹೆಚ್ಚು. ಗುರಿ ನೋಡಲು ಮೇಲೆ ಕೂರಿಸುವ ದುರ್ಬೀನು ಸೇರಿ 3.4 ಕಿಲೊ ತೂಗುವ ಒಂದೇ ತೂಕದ ರೈಫಲ್ಲುಗಳೆಂದು ಇಟ್ಟುಕೊಂಡು, ಜಿಂಕೆಗೆ ಸಾಮಾನ್ಯವಾಗಿ ಬಳಸುವ ತೋಟಾಗಳಿಗೆ ನಾನು ಲೆಕ್ಕ ಹಾಕಿದೆ. (ತೋಟಾದ ಹೆಸರಿನ ಮೊದಲ ಅಂಕಿ ಹೆಚ್ಚುಕಡಿಮೆ ಗುಂಡಿನ ಅಡ್ಡಳತೆ, ಇಂಚಿನಲ್ಲೋ ಮಿಲಿಮೀಟರಿನಲ್ಲೋ.) .243 ವಿಂಚೆಸ್ಟರ್‌ಗೆ ಸುಮಾರು 14 ಜೌಲ್ ಬಂತು, 6.5 ಕ್ರೀಡ್‌ಮೂರ್‌ಗೆ 19; 7 ಎಂಎಂ-08 ರೆಮಿಂಗ್ಟನ್‌ಗೆ 20; .308 ವಿಂಚೆಸ್ಟರ್‌ಗೆ 23, ಹಳೆಯ .30-06ಕ್ಕೆ 27. ಲೇಖಕರು ಮೆಚ್ಚಿದ .300 ಮ್ಯಾಗ್ನಮ್‌ಗೆ 44. ಅಂದರೆ .243ರ ಮೂರು ಪಟ್ಟು, .308ರ ಹೆಚ್ಚುಕಡಿಮೆ ಎರಡು ಪಟ್ಟು. ತಯಾರಕರ ಮದ್ದಿಗೆ ತಕ್ಕಂತೆ ಈ ಅಂಕಿಗಳು ತುಸು ಹೆಚ್ಚುಕಡಿಮೆಯಾಗಬಹುದು, ಆದರೆ ಅವುಗಳ ನಡುವಿನ ಅಂತರ ಬದಲಾಗದು. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ .303 ಹಾರಿಸಿ ಭುಜ ಕಪ್ಪಾಗಿಸಿಕೊಂಡ ನನ್ನ ವಯಸ್ಸಿನವರಿಗೆ ಒಂದು ಸಂಗತಿ ಆಶ್ಚರ್ಯವಾದೀತು: ಆ .303ರ ಒದೆತ ಇದೇ ಲೆಕ್ಕದಲ್ಲಿ ಬರೀ 17 ಜೌಲ್‌ನಷ್ಟು, ಏಕೆಂದರೆ ಆ ರೈಫಲ್ 4 ಕಿಲೊ ಮೀರಿ ತೂಗುತ್ತಿತ್ತು. ನಮಗೆ ನೋವಾದದ್ದು ಬಟ್ಟಿನ, ಅಂದರೆ ಭುಜಕ್ಕೆ ಒತ್ತುವ ಹಿಂಭಾಗದ, ತುದಿಗೆ ರಬ್ಬರಿನ ಬದಲು ಹಿತ್ತಾಳೆಯ ತಟ್ಟೆ ಇದ್ದುದರಿಂದ, ಮತ್ತು ಭುಜಕ್ಕೆ ಒತ್ತಿ ಹಿಡಿಯುವುದನ್ನು ಯಾರೂ ಸರಿಯಾಗಿ ಕಲಿಸದೆ ಇದ್ದುದರಿಂದ. ಆ ಒದೆತದ ಎರಡೂವರೆ ಪಟ್ಟನ್ನು ಹೊಸಬನ ಭುಜಕ್ಕೆ ಕಟ್ಟುವುದೆಂದರೆ ಏನೆಂದು ಅವರೇ ಊಹಿಸಲಿ.

ನನ್ನ ಸೋದರಳಿಯನಿಗೆ ಆದದ್ದು ಇದೇ. ಅವನೂ ಯಾರದೋ ಮಾತು ಕೇಳಿ ಅದೇ ಮ್ಯಾಗ್ನಮ್ ಕೊಂಡಿದ್ದ. ಮೊದಲ ದಿನವೇ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರಾಕಾರದ ಗಾಯವಾಯಿತು. ಮೊದಲ ಬೇಟೆಯ ಋತುವಿನಲ್ಲಿ ಒಂದು ಹೆಣ್ಣು ಜಿಂಕೆಗೆ ಹೊಡೆದ. ಗುಂಡು ಗುರಿಗಿಂತ ಹಿಂದೆ, ಹೊಟ್ಟೆಯ ಕಡೆಗೆ ಬಿತ್ತು. ಕತ್ತಲಾಗುವವರೆಗೆ ರಕ್ತದ ಹನಿಗಳ ಜಾಡು ಹಿಡಿದರೂ ಪ್ರಾಣಿ ಸಿಗಲಿಲ್ಲ. ಆ ರಾತ್ರಿ ಅವನು ಊಟ ಮಾಡಲಿಲ್ಲವೆಂದು ಅವನ ಹೆಂಡತಿ ಹೇಳಿದ್ದಳು.

ಮರುವರ್ಷ ಅಕ್ಟೋಬರ್‌ನಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಪಕ್ಕದ ಹಾಲಿನ ಫಾರ್ಮಿನ ಎಪ್ಪತ್ತು ದಾಟಿದ ಯಜಮಾನರು ನಮ್ಮನ್ನು ಗುರಿ ಅಭ್ಯಾಸದ ಮೈದಾನಕ್ಕೆ ಕರೆದೊಯ್ದರು. ನಾನು ಪ್ರವಾಸಿ ವೀಸಾದಲ್ಲಿದ್ದೆ, ಆದ್ದರಿಂದ ರೈಫಲ್ಲನ್ನೂ ತೋಟಾವನ್ನೂ ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬೆಂಚಿನ ಹಿಂದೆ ಕುಳಿತೆ. ಮೂವತ್ತೊಂದು ವರ್ಷ ತೋಟಾಗಳ ನಡುವೆ ಬದುಕಿದವನಿಗೆ ಅದು ವಿಚಿತ್ರ ಅನುಭವ. ನಾನು ಕಿವಿಯಲ್ಲಿ ಹೇಳಿದಂತೆ ಆ ಅಜ್ಜ ಅಳಿಯನ ಕಣ್ಣು ತಪ್ಪಿಸಿ ರೈಫಲ್ಲಿನ ತೋಟಾ ತುಂಬುವ ಮ್ಯಾಗಜೀನಿನಲ್ಲಿ ಎರಡು ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ತೋಟಾ ಸೇರಿಸಿದರು. ಮೊದಲನೆಯದು ಸಿಡಿಯಿತು. ಎರಡನೆಯದಕ್ಕೆ ಬರೀ 'ಟಿಕ್' ಎಂದಿತು. ಆ ಕ್ಷಣದಲ್ಲಿ ಒದೆತವಿಲ್ಲ, ಸದ್ದಿಲ್ಲ, ಹೊಗೆಯಿಲ್ಲ, ಆದರೆ ನಳಿಗೆಯ ತುದಿ ಕೋಳಿ ಕಾಳು ಹೆಕ್ಕಿದಂತೆ ನೆಲದ ಕಡೆಗೆ ಕುಕ್ಕಿತು, ಅವನ ಎರಡೂ ಕಣ್ಣು ಮುಚ್ಚಿದ್ದವು. ಅಜ್ಜ ನಗಲಿಲ್ಲ. ಅಳಿಯನಿಗೆ ತಾನೇನು ಮಾಡಿದೆನೆಂದು ಯಾರೂ ವಿವರಿಸಬೇಕಾಗಲಿಲ್ಲ. ಹಿಂದಿನ ವರ್ಷ ಕಳೆದುಹೋದ ಜಿಂಕೆಯ ನೆನಪಾಗಿರಬೇಕು, ರೈಫಲ್ಲನ್ನು ಬೆಂಚಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತ.

ಅವನು ಆ ಮ್ಯಾಗ್ನಮ್ಮನ್ನು ಅಂಗಡಿಗೆ ಹಿಂದಿರುಗಿಸಿ, ನಷ್ಟ ತಿಂದು, 7 ಎಂಎಂ-08 ಕೊಂಡ. ಮ್ಯಾಗ್ನಮ್ ಕೆಟ್ಟ ತೋಟಾ ಎಂದು ನಾನು ಹೇಳುತ್ತಿಲ್ಲ. 1963ರಲ್ಲಿ ಬಂದ ಅದು ಪಶ್ಚಿಮದ ಬೆಟ್ಟಗಳಲ್ಲಿ ಮುನ್ನೂರು ಗಜದಾಚೆ ನಿಂತ ಎಲ್ಕ್‌ನಂಥ ಭಾರಿ ಪ್ರಾಣಿಗೆ, ನುರಿತವನ ಕೈಯಲ್ಲಿ, ಯೋಗ್ಯವಾದದ್ದೇ. ವಿಸ್ಕಾನ್ಸಿನ್‌ನ ಮರಗಳ ನಡುವೆ ಜಿಂಕೆ ಕಾಣಿಸುವುದು ಐವತ್ತು-ಅರವತ್ತು ಗಜದಲ್ಲಿ.

ಯಾವುದನ್ನು ಕೊಳ್ಳಬೇಕು ಎಂದು ನೇರವಾಗಿ ಕೇಳಿದರೆ, ನನ್ನ ಉತ್ತರ ಬಹುಮಟ್ಟಿಗೆ .308ರ ಮನೆತನದಲ್ಲೇ ಇದೆ. 1952ರಲ್ಲಿ ಬಂದ .308 ವಿಂಚೆಸ್ಟರ್, ನಾನು ವರ್ಷಗಟ್ಟಲೆ ಪರೀಕ್ಷಿಸಿದ ಸೈನ್ಯದ 7.62 ಎಂಎಂ ತೋಟಾದ ಒಡಹುಟ್ಟು. ಅದೇ ಹಿತ್ತಾಳೆ ಕೊಳವೆಯ ಕುತ್ತಿಗೆಯನ್ನು ಕಿರಿದಾಗಿಸಿದಾಗ 1955ರಲ್ಲಿ .243, 1980ರಲ್ಲಿ 7 ಎಂಎಂ-08 ಹುಟ್ಟಿದವು, 08 ಎಂಬುದು .308ರದೇ ಗುರುತು. ಸಣಕಲು ಮೈಯವರು, ಹೆಣ್ಣುಮಕ್ಕಳು, ಹದಿಹರೆಯದವರು .243ರಿಂದ ಶುರುಮಾಡಲಿ; 200 ಗಜದ ಒಳಗೆ ಎಚ್ಚರದಿಂದ ಹೊಡೆದರೆ ಅದು ಬಿಳಿಬಾಲದ ಜಿಂಕೆಗೆ ಧಾರಾಳ ಸಾಕು. ಉಳಿದವರಿಗೆ 7 ಎಂಎಂ-08 ಅಥವಾ 2007ರಲ್ಲಿ ಬಂದ 6.5 ಕ್ರೀಡ್‌ಮೂರ್. ಊರಿನ ಸಣ್ಣ ಅಂಗಡಿಯಲ್ಲೂ ತೋಟಾ ಸಿಗಬೇಕೆಂಬುದೇ ಮುಖ್ಯವಾದರೆ .308. ನೂರು ವರ್ಷ ದಾಟಿದ .30-06ರ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗದಿರಲಿ. ಅದು ಎರಡನೆಯ ರೈಫಲ್ಲಾಗಿ ಚೆನ್ನ. ನಮ್ಮಲ್ಲಿ ಖಾಸಗಿ ರೈಫಲ್ಲೆಂದರೆ ಇಂದಿಗೂ ನೆನಪಾಗುವುದು ಇಶಾಪುರದ ಸರ್ಕಾರಿ ಕಾರ್ಖಾನೆಯ .315, ಸೈನ್ಯದ .303 ತೋಟಾ ನಾಗರಿಕರ ಕೈಗೆ ಹೋಗಬಾರದೆಂಬ ಬ್ರಿಟಿಷರ ಕಾಲದ ಹೆದರಿಕೆಯಿಂದ ಬೆಳೆದದ್ದು ಅದು. ಅಲ್ಲಿಯೋ, ಸೈನ್ಯದ ತೋಟಾದ ಒಡಹುಟ್ಟನ್ನೇ ಮೀನಿನ ಗಾಳದ ಪಕ್ಕದಲ್ಲಿಟ್ಟು ಮಾರುತ್ತಾರೆ. ನನಗೆ ಮೊದಲ ಸಲ ನೋಡಿದಾಗ ನಂಬಲಾಗಲಿಲ್ಲ.

ಆದರೆ ಇದಕ್ಕೂ ಮೊದಲು ಬರಬೇಕಾದ ಒಂದು ರೈಫಲ್ ಇದೆ, ಲೇಖಕರು ಅದರ ಹೆಸರನ್ನೇ ಎತ್ತಿಲ್ಲ: ಸಣ್ಣ ತೋಟಾದ, ಅಭ್ಯಾಸದ .22. ಅದರಿಂದ ಜಿಂಕೆಯನ್ನು ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಆದರೆ ಅದಕ್ಕೆ ಒದೆತವೇ ಇಲ್ಲವೆನ್ನುವಷ್ಟು ಕಡಿಮೆ, ತೋಟಾ ಅಗ್ಗ, ಸದ್ದು ಸಣ್ಣದು. ಒಂದು ಬೇಸಗೆಯಿಡೀ ಅದರಲ್ಲಿ ಐನೂರು ಗುಂಡು ಹಾರಿಸಿದವನ ಬೆರಳು ಕುದುರೆಯನ್ನು ಹಿಂಡುವುದನ್ನು ತಾನಾಗಿಯೇ ಕಲಿಯುತ್ತದೆ. ನನ್ನನ್ನು ಕೇಳಿದರೆ ಜಿಂಕೆ ಬೇಟೆಗೆ ಮೊದಲ ರೈಫಲ್ .22ವೇ, ಜಿಂಕೆಯ ರೈಫಲ್ ಎರಡನೆಯದು.

ರೈಫಲ್ಲಿನ ಬಗೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹೊಸಬನಿಗೆ ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಸಲ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತೋಟಾ ಏರಿಸುವ ಬಗೆ, ಒಳ್ಳೆಯದು. ಬೋಲ್ಟ್ ಹಿಂದಕ್ಕೆ ಎಳೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಕಣ್ಣಿಗೂ ಬೆರಳಿಗೂ ಸಿಗುತ್ತದೆ. ಜಾಗಕ್ಕೆ ತಕ್ಕಂತೆ ಕಾನೂನೂ ಬೇರೆ: ಪೆನ್ಸಿಲ್ವೇನಿಯಾದಲ್ಲಿ, ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ರೈಫಲ್‌ನಿಂದ ಜಿಂಕೆ ಹೊಡೆಯುವಂತಿಲ್ಲ, ಬಯಲು ನೆಲದ ಒಹಾಯೊದಂಥ ರಾಜ್ಯದಲ್ಲಿ ಕುತ್ತಿಗೆ ಕಿರಿದಾಗದ, ನೇರ ಗೋಡೆಯ ತೋಟಾಗಳಿಗಷ್ಟೇ ಅವಕಾಶ, ಏಕೆಂದರೆ ಅವುಗಳ ಗುಂಡು ಅಷ್ಟು ದೂರ ಹೋಗುವುದಿಲ್ಲ. ಅಲ್ಲಿ ನಾನು ಮೇಲೆ ಹೊಗಳಿದ ಯಾವ ತೋಟಾವೂ ನಡೆಯದು. ರಾಜ್ಯದ ನಿಯಮ ಓದದೆ ಅಂಗಡಿಗೆ ಹೋಗುವವನು ದುಡ್ಡು ಕಳೆದುಕೊಳ್ಳುತ್ತಾನೆ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ರೈಫಲ್ ಮೈಗೆ ಹೊಂದುತ್ತದೆಯೇ ಎಂಬುದನ್ನು. ಖಾಲಿ ರೈಫಲ್ಲನ್ನು, ನಳಿಗೆ ಯಾರ ಕಡೆಗೂ ಇರದಂತೆ, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆಯನ್ನು ಬಟ್ಟಿನ ಮೇಲಿಟ್ಟು, ಆಮೇಲೆ ಕಣ್ಣು ತೆರೆಯಬೇಕು. ಕತ್ತು ಹಿಂದೆ ಮುಂದೆ ಆಡಿಸದೆ ದುರ್ಬೀನಿನ ವೃತ್ತ ಪೂರ್ತಿ ಕಂಡರೆ ಅದು ನಿಮ್ಮದು. ಅಲ್ಲಿಯ ಸಾಧಾರಣ ರೈಫಲ್ಲಿನ ಕುದುರೆಯಿಂದ ಬಟ್ಟಿನ ತುದಿಗೆ ಸುಮಾರು ಹದಿಮೂರುವರೆ ಇಂಚು. ನಮ್ಮ ಅನೇಕರ ತೋಳಿಗೆ ಅದು ಉದ್ದ. ಉದ್ದವಾದರೆ ಬಟ್ಟು ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತದೆ, ಕಣ್ಣು ದುರ್ಬೀನಿನ ಹತ್ತಿರಕ್ಕೆ ಚಾಚುತ್ತದೆ, ಹುಬ್ಬಿಗೆ ಅರ್ಧಚಂದ್ರ ಖಾತ್ರಿ. ಹದಿಹರೆಯದವರಿಗೆಂದು ಮಾಡಿದ ಗಿಡ್ಡ ಬಟ್ಟಿನದನ್ನು ಕೊಳ್ಳಲು ನಾಚಿಕೆ ಬೇಡ. ಎಡಗಣ್ಣು ಪ್ರಬಲವಾಗಿರುವವರು ಎಡಗೈಯವರಿಗೆ ಮಾಡಿದ್ದನ್ನೇ ಕೇಳಲಿ.

ದುರ್ಬೀನಿಗೆ ಖರ್ಚು ಮಾಡುವಾಗ ಜಿಪುಣತನ ಸಲ್ಲದು, ದುಂದೂ ಬೇಕಿಲ್ಲ. ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, 40 ಎಂಎಂ ಗಾಜಿನದು ಕಾಡಿಗೆ ಸಾಕು. ಕಾಡಿನಲ್ಲಿ ಅದನ್ನು ಮೂರರಲ್ಲೇ ಇಟ್ಟಿರಬೇಕು, ಇಲ್ಲವಾದರೆ ಹತ್ತಿರದ ಜಿಂಕೆ ಬರೀ ಕಂದು ಕೂದಲಾಗಿ ಕಾಣುತ್ತದೆ. ಅದನ್ನು ಕೂರಿಸುವ ಉಂಗುರಗಳ ಸ್ಕ್ರೂ ಸಡಿಲವಿದ್ದರೆ ಎಂಥ ಗಾಜೂ ಪ್ರಯೋಜನವಿಲ್ಲ.

ತೋಟಾದ ವಿಷಯಕ್ಕೆ ಬಂದರೆ, ಇದು ನನ್ನ ವೃತ್ತಿಯ ಮಾತಾದ್ದರಿಂದ ಓದುಗರು ತುಸು ಸಹಿಸಿಕೊಳ್ಳಬೇಕು. ತೋಟಾದ ತಳದಲ್ಲಿ ಒತ್ತಿದ ಅಕ್ಷರವೂ ನಳಿಗೆಯ ಮೇಲೆ ಕೊರೆದ ಅಕ್ಷರವೂ ಒಂದೇ ಆಗಿರಬೇಕು; ಹೆಚ್ಚುಕಡಿಮೆ ಒಂದೇ ಎಂಬುದು ಸಾಲದು. ಮದ್ದು ಉರಿದಾಗ ಹಿತ್ತಾಳೆ ಕೊಳವೆ ಹಿಗ್ಗಿ ಕೋಣೆಯ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ಒತ್ತಿ ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲವಾಗುತ್ತದೆ. ಈ ಹಿಗ್ಗುವಿಕೆಗೆ ಕೋಣೆಯ ಅಳತೆ ಹೊಂದದಿದ್ದರೆ ಹಿತ್ತಾಳೆ ಹರಿದು ಬೆಂಕಿ ಮುಖಕ್ಕೆ ಬರುತ್ತದೆ. ಇನ್ನು ಗುಂಡಿನ ಆಯ್ಕೆ: ಬೇಟೆಗೆ ಮೆತ್ತನೆ ಮೂತಿಯ, ತಾಗಿದೊಡನೆ ಅಣಬೆಯಂತೆ ಅರಳುವ ಗುಂಡೇ ಬೇಕು. ಸೈನ್ಯದ ಪೂರ್ತಿ ಹೊದಿಕೆಯ ಗುಂಡು ಸೂಜಿಯಂತೆ ತೂರಿಹೋಗುತ್ತದೆ, ಜಿಂಕೆ ಗಾಯಗೊಂಡು ಓಡುತ್ತದೆ. ಅನೇಕ ರಾಜ್ಯಗಳಲ್ಲಿ ಅದಕ್ಕೆ ನಿಷೇಧವಿದೆ. ಸೀಸದ ಗುಂಡು ಮೂಳೆಗೆ ತಾಗಿ ಚೂರಾದಾಗ ಕಣ್ಣಿಗೆ ಕಾಣದ ಸೀಸದ ಪುಡಿ ಮಾಂಸದಲ್ಲಿ ಉಳಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ತಾಮ್ರದ ಗುಂಡು ವಾಸಿ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಸಲ್ಲದು. ರೈಫಲ್ಲಿನ ಗುರಿ ಯಾವ ತೋಟಾದಿಂದ ಹೊಂದಿಸಿದಿರೋ ಅದನ್ನೇ ಕಾಡಿಗೂ ಒಯ್ಯಬೇಕು. ಒಂದೇ ಲಾಟಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಮೂರು-ನಾಲ್ಕು ಪೆಟ್ಟಿಗೆ ಒಟ್ಟಿಗೆ ಕೊಳ್ಳುವುದು ಜಾಣತನ.

ಕಿವಿಗೆ ರಕ್ಷೆಯಿಲ್ಲದೆ ಒಂದು ಗುಂಡನ್ನೂ ಹಾರಿಸಬಾರದು. ಹತ್ತಿಯ ಉಂಡೆ ತುರುಕಿಕೊಂಡರೆ ಸಾಕೆಂಬ ನನ್ನ ಚಿಕ್ಕಂದಿನ ಹುಂಬತನದ ಫಲವಾಗಿ ನನ್ನ ಎಡಗಿವಿ ಇಂದು ಅರ್ಧ ಮಂದ. ಬಲಗೈಯವನಿಗೆ ನಳಿಗೆಯ ಬಾಯಿ ಎಡಗಿವಿಗೇ ಹತ್ತಿರ.

ಕೊನೆಯದಾಗಿ, ಲೇಖನದಲ್ಲಿ ತಿದ್ದಲೇಬೇಕಾದ ಒಂದು ವಾಕ್ಯವಿದೆ. ಅಮೆರಿಕದಲ್ಲಿ ಯಾರು ಬೇಕಾದರೂ ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ ರೈಫಲ್ ತರಬಹುದೆಂದು ಲೇಖಕರು ಬರೆದಿದ್ದಾರೆ. ಅವರು ಅಲ್ಲಿಯ ನಾಗರಿಕರಿರಬಹುದು, ಅವರ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಎಚ್-1ಬಿಯಂಥ ಕೆಲಸದ ವೀಸಾ, ವಿದ್ಯಾರ್ಥಿ ವೀಸಾ ಅಥವಾ ಪ್ರವಾಸಿ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನೇ ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಮುಖ್ಯ ವಿನಾಯಿತಿಗಳಲ್ಲಿ ಒಂದು, ಅಲ್ಲಿಯ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ವೀಸಾದಲ್ಲಿರುವವರು ಮೊದಲು ಪರವಾನಗಿ ಪಡೆದು ಆಮೇಲೆ ರೈಫಲ್ ಕೊಳ್ಳಬೇಕು, ತಿರುಗಾಮುರುಗಾ ಮಾಡಿದರೆ ಅದು ಗಂಭೀರ ಅಪರಾಧ. ಕೆಲಸ, ವೀಸಾ, ಮುಂದಿನ ಬದುಕು ಎಲ್ಲವೂ ಕೈಬಿಡಬಹುದು. ನಾನು ಆ ಮೈದಾನದಲ್ಲಿ ಕೈ ಹಿಂದೆ ಕಟ್ಟಿ ಕುಳಿತದ್ದು ಇದೇ ಕಾರಣಕ್ಕೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿದ ಮೇಲೆಯೇ ಆ ಪರವಾನಗಿ ಪಡೆಯಬಹುದು. ನನ್ನ ಅಳಿಯ ಅಲ್ಲಿ ಹನ್ನೆರಡು ವರ್ಷದ ಹುಡುಗರ ಪಕ್ಕದಲ್ಲಿ ಕುಳಿತು ಪರೀಕ್ಷೆ ಬರೆದ.

ಅಲ್ಲಿ ರೈಫಲ್ ಬೇಟೆಯ ಒಂಬತ್ತು ದಿನಗಳು ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತವೆ. ಕಳೆದ ಸಲ ಮೂರನೆಯ ದಿನ ಬೆಳಿಗ್ಗೆ ಅಳಿಯ 7 ಎಂಎಂ-08ರಿಂದ ಸುಮಾರು ಅರವತ್ತು ಗಜದಲ್ಲಿ, ಪಕ್ಕಕ್ಕೆ ತಿರುಗಿ ನಿಂತ ಗಂಡು ಜಿಂಕೆಗೆ ಒಂದೇ ಈಡು ಹೊಡೆದ. ಅದು ನಲವತ್ತು ಹೆಜ್ಜೆ ಓಡಿ ಬಿತ್ತು. ಫೋನಿನಲ್ಲಿ ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಗಿಂತ ಸಮಾಧಾನವೇ ಹೆಚ್ಚಿತ್ತು.

ಬೇಟೆಗೆ ಹೋಗುವವರು ರೈಫಲ್ ಕೊಳ್ಳುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಆದ್ದರಿಂದ ವೀಸಾ ಕುರಿತ ತಿದ್ದುಪಡಿಯನ್ನು ಮುಂದಿನ ಭಾನುವಾರದ ಪುರವಣಿಯಲ್ಲೇ, ಮೂಲ ಲೇಖನ ಬಂದ ಪುಟದಲ್ಲೇ, ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕೆಂದೂ, ಚುಕ್ಕೆ ಜಿಂಕೆಯ ಚಿತ್ರದ ಬಗ್ಗೆ ಒಂದು ಸಾಲು ಸೇರಿಸಬೇಕೆಂದೂ ಕೋರುತ್ತೇನೆ. ಅಕ್ಕ ಅದರ ಫೋಟೊ ತೆಗೆಯಲು ಕಾದಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪರೀಕ್ಷಕ,
ಖಡಕಿ, ಪುಣೆ